ಬಚ್ಚಲುಮನೆಗೆ ನೀರಿನ ಕಾವಲು

ಬೇಸಿಗೆ ರಜೆಯಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಹೋದವರು ಮೂರ್ನಾಲ್ಕು ವಾರ ಕಳೆದು ಬಂದು ಬಾಗಿಲು ತೆರೆದಾಗ ಮೊದಲು ಮೂಗಿಗೆ ಬಡಿಯುವುದು ಬಚ್ಚಲುಮನೆಯ ದುರ್ವಾಸನೆ. ಯಾರೂ ಬಳಸದ ಬಚ್ಚಲು ಹೀಗೇಕೆ ನಾರುತ್ತದೆ? ಎಲ್ಲೋ ಇಲಿ ಸತ್ತಿರಬೇಕೆಂದು ಮನೆಯ ಯಜಮಾನರು ಹುಡುಕುತ್ತಾರೆ. ಯಜಮಾನಿತಿ ಅರ್ಧ ಬಾಟಲಿ ಫಿನಾಯಿಲ್ ಸುರಿದು, ನಾಲ್ಕು ಬಕೆಟ್ ನೀರು ಹೊಯ್ದು ತೊಳೆಯುತ್ತಾರೆ. ವಾಸನೆ ಹೋಗುತ್ತದೆ. ಹೋಗಿದ್ದು ನಿಜವಾಗಿ ಆ ನಾಲ್ಕು ಬಕೆಟ್ ನೀರಿನಿಂದ. ಕೀರ್ತಿ ಮಾತ್ರ ಫಿನಾಯಿಲಿನ ಪಾಲಾಗುತ್ತದೆ.

ಕಾರಣ ತಿಳಿಯಬೇಕಾದರೆ ಬಚ್ಚಲಿನ ನೆಲದ ಜಾಲರಿಯನ್ನು ಎತ್ತಿ ನೋಡಬೇಕು. ಅದರ ಕೆಳಗಿರುವುದು ನಹಾನಿ ಟ್ರ್ಯಾಪ್. ಕೆಲಸಗಾರರ ಬಾಯಲ್ಲಿ ನಾನಿ ಟ್ರ್ಯಾಪ್. ಇದರೊಳಗೆ ಬಿದ್ದ ನೀರು ನೇರವಾಗಿ ಚರಂಡಿಯ ಕೊಳವೆಗೆ ಹೋಗುವುದಿಲ್ಲ. ಒಮ್ಮೆ ತಗ್ಗಿಗೆ ಇಳಿದು, ಮತ್ತೆ ಮೇಲೇರಿ, ಆಮೇಲೆ ಹೊರಗೆ ಹರಿಯುತ್ತದೆ. ಹಾಗಾಗಿ ತಗ್ಗಿನಲ್ಲಿ ಸ್ವಲ್ಪ ನೀರು ಸದಾ ನಿಂತಿರುತ್ತದೆ. ಚರಂಡಿಯ ಅನಿಲ ಮನೆಯೊಳಕ್ಕೆ ಬಾರದಂತೆ ತಡೆಯುವ ಬಾಗಿಲು ಈ ನಿಂತ ನೀರೇ. ವಾಶ್ ಬೇಸಿನ್ ಕೆಳಗಿನ ಬಾಟಲ್ ಟ್ರ್ಯಾಪ್, ಕಮೋಡಿನ ಬಟ್ಟಲಲ್ಲಿ ಕಾಣುವ ನೀರು, ಮನೆಯ ಹೊರಗಿನ ಗಲ್ಲಿ ಟ್ರ್ಯಾಪ್ ಎಲ್ಲದರ ತತ್ತ್ವವೂ ಒಂದೇ. ಬಾಗಿದ ಕೊಳವೆಯ ಈ ಉಪಾಯಕ್ಕೆ 1775ರಲ್ಲಿ ಪೇಟೆಂಟ್ ಪಡೆದವನು ಅಲೆಕ್ಸಾಂಡರ್ ಕಮಿಂಗ್. ಆತ ಲಂಡನ್ನಿನಲ್ಲಿದ್ದ ಗಡಿಯಾರ ತಯಾರಕ! ಇನ್ನೂರೈವತ್ತು ವರ್ಷ ಕಳೆದರೂ ಅದಕ್ಕಿಂತ ಸರಳವಾದ, ಸವೆಯದ ಬಾಗಿಲನ್ನು ಯಾರೂ ಮಾಡಿದಂತಿಲ್ಲ.

ಈ ಬಾಗಿಲಿಗೆ ಶತ್ರುಗಳು ಎರಡು. ಮೊದಲನೆಯದು ಆವಿಯಾಗುವಿಕೆ. ಬೀಗ ಹಾಕಿದ ಮನೆಯಲ್ಲಿ, ಅತಿಥಿಗಳು ಬಂದಾಗಷ್ಟೇ ತೆರೆಯುವ ಕೋಣೆಯ ಬಚ್ಚಲಿನಲ್ಲಿ, ಟ್ರ್ಯಾಪಿನ ನೀರು ದಿನದಿನಕ್ಕೆ ಇಂಗುತ್ತಾ ಹೋಗುತ್ತದೆ. ಒಂದು ದಿನ ಕೊಳವೆಯ ಬಾಗಿಗಿಂತ ನೀರಿನ ಮಟ್ಟ ಕೆಳಗಿಳಿದರೆ ದಾರಿ ತೆರೆದಂತೆಯೇ. ಪರಿಹಾರಕ್ಕೆ ಕಾಸು ಖರ್ಚಿಲ್ಲ. ವಾರಕ್ಕೊಮ್ಮೆ ಎರಡು ಚೊಂಬು ನೀರು ಹೊಯ್ದರಾಯಿತು. ಊರಿಗೆ ಹೊರಡುವಾಗ ನೀರು ಹೊಯ್ದು, ಅದರ ಮೇಲೆ ಒಂದೆರಡು ಚಮಚ ಅಡುಗೆ ಎಣ್ಣೆ ಬಿಡುವುದು ಇನ್ನೂ ಜಾಣತನ. ಎಣ್ಣೆ ನೀರಿಗಿಂತ ಹಗುರವಾದ್ದರಿಂದ ಮೇಲೆ ಹರಡಿ ನಿಂತು, ನೀರು ಆವಿಯಾಗುವುದನ್ನು ನಿಧಾನಗೊಳಿಸುತ್ತದೆ.

ಎರಡನೆಯ ಶತ್ರುವನ್ನು ಅರಿಯಲು ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯ ಒಂದು ಮೀಟರ್ ಹೊಸ ತುಂಡು ಸಾಕು. ಅದನ್ನು ಬಾಗಿಸಿ ಹಿಡಿದು, ಬಾಗಿನಲ್ಲಿ ಸ್ವಲ್ಪ ಕುಡಿಯುವ ನೀರು ತುಂಬಿ. ಒಂದು ತುದಿಯಲ್ಲಿ ಮೆಲ್ಲಗೆ ಊದಿದರೆ ನೀರು ಇನ್ನೊಂದು ಬದಿಗೆ ಏರಿ, ಊದುವುದನ್ನು ನಿಲ್ಲಿಸಿದೊಡನೆ ಮರಳಿ ಬರುತ್ತದೆ. ಜೋರಾಗಿ ಹೀರಿದರೋ, ನೀರೆಲ್ಲ ಬಾಯಿಗೆ! ಸಾಮಾನ್ಯವಾಗಿ ಟ್ರ್ಯಾಪಿನ ನೀರಿನ ತಡೆ 50 ಮಿಲಿಮೀಟರ್. ವಾಯುಮಂಡಲದ ಒತ್ತಡ ಸುಮಾರು 10 ಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ. ಅಂದರೆ ನಮ್ಮ ಬಚ್ಚಲಿನ ಬಾಗಿಲು ತಡೆದುಕೊಳ್ಳುವುದು ವಾಯುಮಂಡಲದ ಒತ್ತಡದ ಇನ್ನೂರರಲ್ಲಿ ಒಂದು ಪಾಲನ್ನು ಮಾತ್ರ.

ಮಹಡಿಯ ಮನೆಯವರು ಕಮೋಡಿನ ಫ್ಲಶ್ ಎಳೆದಾಗ ನಡೆಯುವುದೂ ಇದೇ. ಕೊಳವೆ ತುಂಬಿ ಕೆಳಗೆ ಧುಮುಕುವ ನೀರು ತನ್ನ ಹಿಂದಿನ ಗಾಳಿಯನ್ನು ಎಳೆಯುತ್ತದೆ, ಮುಂದಿನ ಗಾಳಿಯನ್ನು ತಳ್ಳುತ್ತದೆ. ಆ ಎಳೆತಕ್ಕೆ ಕೆಳಮನೆಯ ಟ್ರ್ಯಾಪಿನ ನೀರು ಗುಳುಗುಳು ಸದ್ದು ಮಾಡುತ್ತಾ ಹೊರಟುಹೋಗಬಹುದು. ಹೀಗಾಗದಿರಲೆಂದೇ ಕೊಳವೆಯನ್ನು ತಾರಸಿಯ ಮೇಲಕ್ಕೂ ಏರಿಸಿ, ತುದಿಯನ್ನು ಗಾಳಿಗೆ ತೆರೆದಿಡುವುದು. ಅನೇಕರು ಇದನ್ನು ದಂಡದ ಖರ್ಚೆಂದು ಬಿಡುತ್ತಾರೆ. ಮೇಲೊಂದು ಮಹಡಿ ಕಟ್ಟುವಾಗ ಅಡ್ಡ ಬಂತೆಂದು ಕತ್ತರಿಸಿ ಮುಚ್ಚುವವರೂ ಇದ್ದಾರೆ. ವಾಶ್ ಬೇಸಿನ್ ಪದೇ ಪದೇ ಗುಳುಗುಳು ಎನ್ನುತ್ತಿದ್ದರೆ ಪ್ಲಂಬರ್‌ಗೆ ಮೊದಲು ತೋರಿಸಬೇಕಾದದ್ದು ಬೇಸಿನ್ನನ್ನಲ್ಲ, ತಾರಸಿಯನ್ನು.

ವಾಸನೆಯಷ್ಟೇ ತೊಂದರೆಯಾಗಿದ್ದರೆ ಮೂಗು ಮುಚ್ಚಿಕೊಂಡಿರಬಹುದಿತ್ತು. ಆದರೆ 2003ರ ಮಾರ್ಚ್‌ನಲ್ಲಿ ಹಾಂಗ್‌ಕಾಂಗ್‌ನ ಅಮೋಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ ಸಾರ್ಸ್ ರೋಗ 300ಕ್ಕೂ ಹೆಚ್ಚು ಜನರಿಗೆ ಹರಡಿತು. 42 ಮಂದಿ ಸತ್ತರು. ಒಬ್ಬ ರೋಗಿ ಅಲ್ಲಿನ ಒಂದು ಮನೆಗೆ ಬಂದು ಶೌಚಾಲಯ ಬಳಸಿದ್ದ. ತನಿಖೆ ನಡೆಸಿದವರ ಬೆರಳು ತೋರಿದ ಕಾರಣಗಳಲ್ಲಿ ಮುಖ್ಯವಾದದ್ದು ಬಚ್ಚಲಿನ ನೆಲದ ಒಣಗಿದ ಟ್ರ್ಯಾಪ್. ಅಲ್ಲಿನವರು ನೆಲಕ್ಕೆ ನೀರು ಹೊಯ್ದು ತೊಳೆಯುತ್ತಿರಲಿಲ್ಲ, ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಹೀಗಾಗಿ ಟ್ರ್ಯಾಪಿಗೆ ನೀರೇ ಬೀಳುತ್ತಿರಲಿಲ್ಲ. ಬಾಗಿಲು ಮುಚ್ಚಿ ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಅದು ಚರಂಡಿ ಕೊಳವೆಯಿಂದ ಸೋಂಕಿನ ಹನಿಗಳನ್ನು ಒಳಕ್ಕೆ ಸೆಳೆಯಿತು. ನಮ್ಮ ಅಪಾರ್ಟ್‌ಮೆಂಟುಗಳಲ್ಲೂ ಈಗ ಎಕ್ಸಾಸ್ಟ್ ಫ್ಯಾನುಗಳಿವೆ, ಸ್ನಾನದ ಜಾಗಕ್ಕೆ ಗಾಜಿನ ತಡೆಗಳಿವೆ, ಉಳಿದ ನೆಲ ಸದಾ ಒಣಗಿರಬೇಕೆಂಬ ಆಸೆಯಿದೆ. ನೆಲ ಒಣಗಿರಲಿ, ಟ್ರ್ಯಾಪ್ ಒಣಗುವುದು ಬೇಡ.

ಕೆಲವು ತಪ್ಪುಗಳನ್ನು ಮನೆಯವರೇ ಮಾಡಿಕೊಳ್ಳುತ್ತಾರೆ. ಜಾಲರಿಯ ಕೆಳಗೆ ಬೋರಲು ಹಾಕಿದ ಲೋಟದಂಥ ಭಾಗವಿರುವ ಟ್ರ್ಯಾಪುಗಳುಂಟು. ಕೂದಲು ಸಿಕ್ಕಿಕೊಂಡು ನೀರು ನಿಂತಾಗ ಅದನ್ನು ಕಿತ್ತೆಸೆಯುತ್ತಾರೆ. ನೀರು ಸರಾಗವಾಗಿ ಹರಿಯುತ್ತದೆ. ಆದರೆ ಅಂದಿನಿಂದ ಜಿರಳೆಗಳಿಗೂ ಸರಾಗ! ಆ ಲೋಟವನ್ನು ತಿಂಗಳಿಗೊಮ್ಮೆ ತೆಗೆದು, ಕೂದಲು ಬಿಡಿಸಿ, ಮತ್ತೆ ಅದೇ ಜಾಗದಲ್ಲಿ ಕೂರಿಸಬೇಕು. ವಾಶ್ ಬೇಸಿನ್‌ನಿಂದ ಇಳಿಯುವ ಸುರುಳಿ ಕೊಳವೆ, ವಾಷಿಂಗ್ ಮೆಷಿನ್ನಿನ ಕೊಳವೆ ನಹಾನಿ ಟ್ರ್ಯಾಪಿಗೆ ಬಂದು ಬಿದ್ದರೆ ಅಡ್ಡಿಯಿಲ್ಲ. ಗೋಡೆಯ ತೂತಿನ ಮೂಲಕ ನೇರವಾಗಿ ಚರಂಡಿ ಕೊಳವೆಗೆ ಸೇರಿದ್ದರೆ ನಡುವೆ ಒಂದು ಟ್ರ್ಯಾಪ್ ಹಾಕಿಸಲೇಬೇಕು.

ಕಟ್ಟಿಕೊಂಡಾಗ ಆಸಿಡ್ ಸುರಿಯುವ ಅಭ್ಯಾಸದ ಬಗ್ಗೆ ಒಂದು ಎಚ್ಚರಿಕೆ. ಶೌಚಾಲಯ ತೊಳೆಯುವ ಆಸಿಡ್ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಅದಕ್ಕೆ ಬ್ಲೀಚಿಂಗ್ ಪುಡಿ ಸೇರಿದರೆ ಹುಟ್ಟುವುದು ಕ್ಲೋರಿನ್ ಎಂಬ ವಿಷಾನಿಲ. ಪ್ರಯೋಗಶಾಲೆಯಲ್ಲಿ ಕಿಟಕಿ ತೆರೆದು ಎಚ್ಚರದಿಂದ ತಯಾರಿಸುವ ಅನಿಲವನ್ನು ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ತಯಾರಿಸಿಕೊಂಡಂತಾಗುತ್ತದೆ. ಎರಡನ್ನೂ ಎಂದಿಗೂ ಒಟ್ಟಿಗೆ ಬಳಸಬಾರದು. ಕಟ್ಟಿದ ಬೇಸಿನ್ನಿಗೆ ಬೇಕಾದದ್ದು ಆಸಿಡ್ ಅಲ್ಲ, ಕೆಳಗೊಂದು ಬಕೆಟ್. ಬಾಟಲ್ ಟ್ರ್ಯಾಪಿನ ತಳದ ಬಟ್ಟಲನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿದರೆ ಸೋಪಿನ ಗಸಿ, ಕೂದಲು, ಒಮ್ಮೊಮ್ಮೆ ಕಳೆದುಹೋದ ಮೂಗುಬೊಟ್ಟೂ ಬಕೆಟ್ಟಿಗೆ ಬೀಳುತ್ತದೆ. ಮತ್ತೆ ಕೂರಿಸುವಾಗ ರಬ್ಬರ್ ವಾಷರ್ ಮಡಚಿಕೊಳ್ಳದಂತೆ ನೋಡಿಕೊಂಡರೆ ಸಾಕು.

ಕೊಳೆತ ಮೊಟ್ಟೆಯ ವಾಸನೆ ಬರುವುದು ಹೈಡ್ರೋಜನ್ ಸಲ್ಫೈಡಿನಿಂದ. ಬಚ್ಚಲಿಗೆ ನುಸುಳುವ ಅಲ್ಪ ಪ್ರಮಾಣ ತಲೆನೋವು ತರಬಹುದಷ್ಟೆ. ಆದರೆ ಸೆಪ್ಟಿಕ್ ಟ್ಯಾಂಕಿನಲ್ಲಿ ಅದು ಕೊಲ್ಲುವಷ್ಟು ಕೂಡಿರಬಹುದು. ಹೆಚ್ಚಾದಾಗ ಅದು ಮೂಗಿನ ಗ್ರಹಣಶಕ್ತಿಯನ್ನೇ ಮರಗಟ್ಟಿಸುವುದರಿಂದ ‘ಈಗ ವಾಸನೆಯಿಲ್ಲ’ ಎಂದು ನಂಬುವಂತಿಲ್ಲ. ಚೇಂಬರ್ ಕಟ್ಟಿಕೊಂಡಿತೆಂದು ಯಾರನ್ನಾದರೂ ಗುಂಡಿಗೆ ಇಳಿಸುವುದು 2013ರ ಕಾಯ್ದೆಯಂತೆ ಅಪರಾಧವೂ ಹೌದು; ಅದಕ್ಕೆ ಯಂತ್ರದ ಗಾಡಿಯನ್ನೇ ಕರೆಸಬೇಕು.

ಹೊಸದಾಗಿ ಮನೆ ಕಟ್ಟಿಸುವವರು ಟೈಲ್ಸ್ ಆರಿಸುವ ಮೊದಲು ಅರ್ಧ ಗಂಟೆಯನ್ನು ಟ್ರ್ಯಾಪಿಗೆ ಮೀಸಲಿಡಲಿ. ನೆಲದಡಿ ಜಾಗ ಸಾಲದೆಂದು ತಟ್ಟೆಯಂಥ, ಆಳವಿಲ್ಲದ ಟ್ರ್ಯಾಪ್ ಕೂರಿಸುವುದುಂಟು. ನೀರು ತುಂಬಿಸಿ, ಒಳಗಿನ ಲೋಟದ ಕೆಳ ಅಂಚಿನಿಂದ ನೀರಿನ ಮಟ್ಟದವರೆಗೆ 50 ಮಿಲಿಮೀಟರ್ ಇದೆಯೇ ಎಂದು ಮಕ್ಕಳ ಕೈಗೆ ಸ್ಕೇಲು ಕೊಟ್ಟು ಅಳೆಸಿ. ಕಡಿಮೆಯಿದ್ದರೆ ಕಾಂಕ್ರೀಟ್ ಹಾಕುವ ಮೊದಲೇ ಬದಲಾಯಿಸಿಕೊಳ್ಳಬಹುದು.