ಬೆಳಗಾವಿಯ ಕುಡಿಯುವ ನೀರು: ಬಾವಿಯಿಂದ ರಕ್ಕಸಕೊಪ್ಪದವರೆಗೆ

ಬೆಳಗಾವಿ ನಗರದ ಮನೆಗಳಲ್ಲಿ ನಳ ತಿರುವಿದಾಗ ಬರುವ ನೀರಿಗೆ ಮುಖ್ಯವಾಗಿ ಎರಡು ಮೂಲಗಳಿವೆ. ಒಂದು ಮಾರ್ಕಂಡೇಯ ನದಿಯ ರಕ್ಕಸಕೊಪ್ಪ ಜಲಾಶಯ. ಇನ್ನೊಂದು ಘಟಪ್ರಭಾ ನದಿಯ ಹಿಡಕಲ್ ಜಲಾಶಯ. ಇವೆರಡೂ ಬರುವ ಮುನ್ನ ಊರಿಗೆ ಆಧಾರವಾಗಿದ್ದದ್ದು ಬಾವಿಗಳು ಮತ್ತು ಕೆರೆಗಳು. ಈ ಮೂರರ ಇತಿಹಾಸ ತಿಳಿದರೆ ಇಂದಿನ ಬೇಸಿಗೆಯ ನೀರಿನ ತೊಂದರೆ ಏಕೆ ಬರುತ್ತದೆ ಎಂಬುದೂ ತಿಳಿಯುತ್ತದೆ.

ಬಾವಿಗಳ ಕಾಲ

ಬೆಳಗಾವಿಯ ಹಳೆಯ ಹೆಸರು ವೇಣುಗ್ರಾಮ. ಸವದತ್ತಿಯ ರಟ್ಟರು ಇದನ್ನು ತಮ್ಮ ರಾಜಧಾನಿ ಮಾಡಿಕೊಂಡರು. ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರ ಸುಮಾರಿಗೆ ಕಟ್ಟಿಸಿದ ಕಮಲ ಬಸದಿ ಇಂದಿಗೂ ಕೋಟೆಯೊಳಗಿದೆ. ಅಂದಿನ ಜನ ಸುತ್ತಲಿನ ಕೆರೆ ಬಾವಿಗಳ ನೀರನ್ನೇ ಕುಡಿದರು. ಮುಂದೆ ಊರು ಬೆಳೆದಂತೆ ಪೇಟೆಗಳಲ್ಲಿ, ವಾಡೆಗಳಲ್ಲಿ, ಗುಡಿ ಬಸದಿಗಳ ಆವರಣದಲ್ಲಿ ಬಾವಿಗಳು ಹೆಚ್ಚಿದವು.

1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಸಾವಿರಾರು ಜನರಿಗೆ ನೀರು ಬೇಕಾದ್ದರಿಂದ ಟಿಳಕವಾಡಿಯಲ್ಲಿ ದೊಡ್ಡ ಬಾವಿಯೊಂದನ್ನು ತೋಡಿಸಿದರು. ಅದಕ್ಕೆ 4,370 ರೂಪಾಯಿ 3 ಆಣೆ ಖರ್ಚಾಯಿತೆಂದು ಹೇಳುತ್ತಾರೆ. ಪಂಪಾ ಸರೋವರ ಎಂದು ಕರೆಯಲಾದ ಆ ಬಾವಿಯನ್ನು ಜನ ಇಂದಿಗೂ ಕಾಂಗ್ರೆಸ್ ಬಾವಿ ಎನ್ನುತ್ತಾರೆ.

ರಕ್ಕಸಕೊಪ್ಪ ಜಲಾಶಯ

ಸ್ವಾತಂತ್ರ್ಯದ ನಂತರ ಊರು ವೇಗವಾಗಿ ಬೆಳೆಯಿತು. ಬಾವಿಯ ನೀರು ಸಾಲದಾಯಿತು. ಆಗ 1960ರ ದಶಕದ ಆರಂಭದಲ್ಲಿ ನಗರದ ಪಶ್ಚಿಮಕ್ಕೆ ರಕ್ಕಸಕೊಪ್ಪದ ಬಳಿ ಮಾರ್ಕಂಡೇಯ ನದಿಗೆ ಅಣೆಕಟ್ಟು ಕಟ್ಟಲಾಯಿತು.

ಮಾರ್ಕಂಡೇಯ ನದಿ ಹುಟ್ಟುವುದು ಖಾನಾಪುರ ತಾಲೂಕಿನ ಬೈಲೂರಿನ ಗುಡ್ಡಗಳಲ್ಲಿ. ಮುಂದೆ ಹರಿದು ಗೋಕಾಕದ ಬಳಿ ಘಟಪ್ರಭೆಯನ್ನು ಸೇರುತ್ತದೆ. ಜಲಾಶಯದ ಪೂರ್ಣ ಮಟ್ಟ 2,475 ಅಡಿ. ಇದು ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದ ಎತ್ತರವೇ ಹೊರತು ನೀರಿನ ಆಳವಲ್ಲ. ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಈ ಅಂಕಿ ಬಂದಾಗ ಅನೇಕರು ಆಳವೆಂದೇ ತಿಳಿಯುವುದುಂಟು.

ಈ ಜಲಾಶಯದ ಹಿನ್ನೀರು ರಾಜ್ಯದ ಗಡಿಯನ್ನೂ ದಾಟಿದೆ. ಮಹಾರಾಷ್ಟ್ರದ ಚಂದಗಡ ತಾಲೂಕಿನ ತುಡಿಯೆ ಗ್ರಾಮದ ರೈತರ ಜಮೀನು ಇದರಲ್ಲಿ ಮುಳುಗಿತು. ಬೆಳಗಾವಿಯವರು ಕುಡಿಯುವ ಪ್ರತಿ ಕೊಡದಲ್ಲಿ ಆ ರೈತರ ಹೊಲದ ಪಾಲೂ ಇದೆ ಎಂಬುದನ್ನು ಮರೆಯಬಾರದು.

ಜಲಾಶಯದ ನೀರು ಹಿಂಡಲಗಾ ಪಂಪ್‌ಹೌಸಿಗೆ ಬಂದು, ಅಲ್ಲಿಂದ ಎತ್ತರದ ಲಕ್ಷ್ಮಿಟೇಕಡಿಗೆ ಏರುತ್ತದೆ. ಅಲ್ಲಿ ಶುದ್ಧೀಕರಣವಾಗಿ ಊರೊಳಗಿನ ಟಾಕಿಗಳಿಗೆ ಹೋಗುತ್ತದೆ.

ಹಿಡಕಲ್ ನೀರು

ಒಂದೇ ಜಲಾಶಯ ಸಾಲದೆ ಬಂದಾಗ ಹುಕ್ಕೇರಿ ತಾಲೂಕಿನ ಹಿಡಕಲ್‌ನಿಂದ ನೀರು ತರಲಾಯಿತು. ಇದರ ಅಧಿಕೃತ ಹೆಸರು ರಾಜಾ ಲಖಮಗೌಡ ಜಲಾಶಯ. ಸಾಮರ್ಥ್ಯ 51 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,831 ಕೋಟಿ ಲೀಟರ್. ಹಿಡಕಲ್ ಮುಖ್ಯವಾಗಿ ನೀರಾವರಿಯ ಜಲಾಶಯ. ಅಲ್ಲಿಂದ ತುಮ್ಮರಗುದ್ದಿ, ಕುಂದರಗಿ ಪಂಪ್‌ಗಳ ಮೂಲಕ ನೀರು ಬಸವನಕೊಳ್ಳದ ಶುದ್ಧೀಕರಣ ಘಟಕಕ್ಕೆ ಬರುತ್ತದೆ. ದೂರದಿಂದ, ತಗ್ಗಿನಿಂದ ಎತ್ತಿ ತರುವ ನೀರಾದ್ದರಿಂದ ಕರೆಂಟ್ ಹೋದರೆ ಅಥವಾ ಪೈಪ್ ಒಡೆದರೆ ಊರಿನ ಅರ್ಧ ಭಾಗಕ್ಕೆ ಬಿಸಿ ತಟ್ಟುತ್ತದೆ.

2008ರಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ನಗರದ ಕೆಲವು ವಾರ್ಡ್‌ಗಳಿಗೆ ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ ಆರಂಭವಾಯಿತು. ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿಯ ಕೆಲವು ಭಾಗಗಳಲ್ಲೂ ಇದೇ ಪ್ರಯೋಗ ನಡೆಯಿತು. ಸದಾ ನೀರು ಬರುವ ಮನೆಯಲ್ಲಿ ಯಾರೂ ಹಂಡೆ ತುಂಬಿಟ್ಟು ಮರುದಿನ ಚೆಲ್ಲುವುದಿಲ್ಲ. ಮೀಟರ್ ಇರುವುದರಿಂದ ಎಷ್ಟು ಬಳಸಿದೆವು ಎಂಬ ಲೆಕ್ಕವೂ ಸಿಗುತ್ತದೆ.

ಖಾನಾಪುರದ ಕಾಡು, ನಾಲ್ಕು ತಿಂಗಳ ಜಮೆ

ರಕ್ಕಸಕೊಪ್ಪದ ಲೆಕ್ಕ ಅಂಗಡಿಯ ಲೆಕ್ಕದಂತೆ ಸರಳ. ಜಮೆ ನಾಲ್ಕು ತಿಂಗಳು, ಖರ್ಚು ಹನ್ನೆರಡು ತಿಂಗಳು. ಜೂನ್‌ನಲ್ಲಿ ಮಳೆ ತಡವಾದರೆ ಹಳೆಯ ಶಿಲ್ಕು ಮುಗಿದುಹೋಗುತ್ತದೆ. 2023ರ ಜೂನ್‌ನಲ್ಲಿ ಮಳೆ ತಡವಾಗಿ ಜಲಾಶಯ ತಳ ಕಂಡಾಗ ನಗರ ಇದನ್ನು ಅನುಭವಿಸಿತು.

ಜಮೆ ಬರುವುದು ಖಾನಾಪುರದ ಕಡೆಯ ಸಹ್ಯಾದ್ರಿ ಕಾಡಿನಿಂದ. ಹುಬ್ಬಳ್ಳಿ-ಧಾರವಾಡಕ್ಕೆ ನೀರು ಕೊಡುವ ಮಲಪ್ರಭೆ ಹುಟ್ಟುವುದೂ ಇದೇ ತಾಲೂಕಿನ ಕಣಕುಂಬಿಯಲ್ಲಿ. ಕಾಡಿನ ನೆಲ ಮಳೆನೀರನ್ನು ಹೀರಿ ನಿಧಾನವಾಗಿ ಬಿಡುತ್ತದೆ. ಕಾಡು ಕಡಿದರೆ ನೀರು ಒಮ್ಮೆಲೇ ಹರಿದು, ಮಣ್ಣನ್ನೂ ಹೊತ್ತು ತಂದು ಜಲಾಶಯದಲ್ಲಿ ಹೂಳು ತುಂಬುತ್ತದೆ.

ಇದೇ ಖಾನಾಪುರ ತಾಲೂಕಿನ ಹಲಸಿ ಹಿಂದೆ ಕದಂಬರ ಪಲಾಶಿಕೆಯಾಗಿತ್ತು. ಅಲ್ಲಿ ಮೃಗೇಶವರ್ಮನು ತಂದೆಯ ನೆನಪಿಗೆ ಜಿನಾಲಯ ಕಟ್ಟಿಸಿದನು. ಅವನ ಮಗ ರವಿವರ್ಮನ ತಾಮ್ರಶಾಸನವು ಮಳೆಗಾಲದ ನಾಲ್ಕು ತಿಂಗಳು ಯತಿಗಳ ಪೋಷಣೆ ನಡೆಯಬೇಕೆಂದು ವಿಧಿಸುತ್ತದೆ. ಸುಮಾರು ಹದಿನೈದು ಶತಮಾನಗಳ ಹಿಂದೆಯೇ ಚಾತುರ್ಮಾಸದ ವ್ಯವಸ್ಥೆ ಈ ಮಳೆನಾಡಿನಲ್ಲಿತ್ತು.

ಶ್ರಾವಕರ ಪಾಲಿನ ಕೆಲಸ

1995ರ ಬರದಲ್ಲಿ ಮಹಾನಗರ ಪಾಲಿಕೆಯು ಕಸ ತುಂಬಿದ್ದ ಹಳೆಯ ಬಾವಿಗಳ ಹೂಳು ತೆಗೆಸಿ ಮತ್ತೆ ಬಳಕೆಗೆ ತಂದಿತು. ಕಾಂಗ್ರೆಸ್ ಬಾವಿಯೂ ಆಗ ನೆರವಾಯಿತು. ನಳ ಬಂದಿತೆಂದು ಬಾವಿ ಮುಚ್ಚಬಾರದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಜೈನ ಕುಟುಂಬಗಳಿಗೆ ಬಾವಿಯ ಅಗತ್ಯ ಇನ್ನೂ ಹತ್ತಿರದ್ದು. ಮುನಿಗಳ ಆಹಾರಕ್ಕೆ ಬಾವಿಯ ನೀರನ್ನೇ ತರುವ ರೂಢಿ ಇದೆ. ನೀರನ್ನು ದಪ್ಪ ಬಟ್ಟೆಯ ಎರಡು ಪದರಿನಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮೆಲ್ಲಗೆ ಇಳಿಸುವುದು ನಮ್ಮ ಹಿರಿಯರ ಕ್ರಮ. ಸೋಸಿದ ನೀರಿನ ಅವಧಿ ಒಂದು ಮುಹೂರ್ತ, ಅಂದರೆ 48 ನಿಮಿಷ. ನಳದ ನೀರನ್ನು ಸೋಸಬಹುದು, ಆದರೆ ಜೀವಗಳನ್ನು ಅವು ಇದ್ದ ಜಾಗಕ್ಕೆ ಮರಳಿಸಲಾಗದು. ಬಾವಿಗಳು ಮುಚ್ಚಿದ ಬಡಾವಣೆಗೆ ಮುನಿಸಂಘ ಬಂದಾಗ ಸ್ವಯಂಸೇವಕರು ಕೊಡ ಹಿಡಿದು ದೂರ ಹುಡುಕಬೇಕಾಗುತ್ತದೆ.

ಆದ್ದರಿಂದ ಬಸದಿಯ ಆವರಣದಲ್ಲಿ, ಹಳೆಯ ಮನೆಯಲ್ಲಿ ಬಾವಿ ಇದ್ದರೆ ಮುಚ್ಚಬೇಡಿ. ಬೇಸಿಗೆಯಲ್ಲಿ ನೀರು ತಗ್ಗಿದಾಗ ಹೂಳು ತೆಗೆಸಿ, ಮೇಲೆ ಜಾಳಿಗೆ ಹಾಕಿಸಿ. ಮಾಳಿಗೆಯ ಮಳೆನೀರನ್ನು ಮರಳು-ಜಲ್ಲಿಯ ಗುಂಡಿಯಲ್ಲಿ ಇಂಗಿಸಿದರೆ ಬಾವಿಯ ಸೆಲೆ ಉಳಿಯುತ್ತದೆ. ನಿರ್ಮಾಲ್ಯ, ಪ್ಲಾಸ್ಟಿಕ್ ಬಾವಿಗೆ ಹಾಕಬೇಡಿ. ಮಳೆ ಶುರುವಾಗುವ ಮುನ್ನ ನೀರಿನ ಪರೀಕ್ಷೆ ಮಾಡಿಸಿ.

ಅಗತ್ಯವಿಲ್ಲದೆ ನೀರು ಚೆಲ್ಲುವುದು ಅನರ್ಥದಂಡವೆಂದು ಶ್ರಾವಕಾಚಾರ ಹೇಳುತ್ತದೆ. ನೀರಿಗೇ ಜೀವವಿದೆ ಎಂದು ನಂಬುವವರು ನಾವು. ರಕ್ಕಸಕೊಪ್ಪ ತುಂಬಿ ಹರಿಯುವ ಶ್ರಾವಣದಲ್ಲೂ ಈ ಲೆಕ್ಕ ತಪ್ಪದಿರಲಿ.