ಕೌದಿಯ ಚೌಕಕ್ಕೆ ಮಷೀನ್ ಎಂಬ್ರಾಯ್ಡರಿ: ಅಡಿಹಾಳೆ, ದಾರ ಆರಿಸುವುದು ಹೇಗೆ?



ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಕೌದಿ ಕಾಣದ ಮನೆ ಕಡಿಮೆ. ಹಳೇ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಒಂದರ ಮೇಲೊಂದು ಹಾಸಿ, ಉದ್ದಕ್ಕೂ ದೊಡ್ಡ ಹೊಲಿಗೆ ಹಾಕಿ ನಮ್ಮ ತಾಯಂದಿರು ಕೌದಿ ಹೊಲಿದರು. ಬಾಣಂತಿಗೆ, ಕೂಸಿಗೆ, ಮುದುಕರಿಗೆ ಅದೇ ಹಾಸಿಗೆ, ಅದೇ ಹೊದಿಕೆ. ಈಗ ಕೆಲವು ಸಂಘಗಳು ಕೌದಿಯನ್ನು ಮಾರಾಟಕ್ಕೂ ಹೊಲಿಯುತ್ತಿವೆ. ಹೊಸ ಬಟ್ಟೆಯ ಚೌಕಗಳನ್ನು ಕತ್ತರಿಸಿ, ಪ್ರತಿ ಚೌಕದ ಮೇಲೆ ಮಷೀನಿನಿಂದ ಹೂವು, ನವಿಲು, ತೇರು ಬಿಡಿಸಿ, ಆಮೇಲೆ ಜೋಡಿಸುತ್ತಾರೆ. ನೋಡಲು ಚೆಂದ, ಬೆಲೆಯೂ ಹೆಚ್ಚು.

ಆದರೆ ಇಂಥ ಕೌದಿಗಳ ಬಗ್ಗೆ ಕೊಂಡವರಿಂದ ಮೂರು ದೂರುಗಳನ್ನು ನಾವು ಮತ್ತೆ ಮತ್ತೆ ಕೇಳುತ್ತೇವೆ. "ಒಂದು ಸಲ ಒಗೆದ ಮೇಲೆ ಹೂವಿನ ಸುತ್ತ ಸುಕ್ಕು ಕಟ್ಟಿತು." "ಕೆಂಪು ದಾರದ ಬಣ್ಣ ಬಿಳಿ ಬಟ್ಟೆಗೆ ಹತ್ತಿತು." "ಹಿಂದಿನ ಬದಿ ಬಿರುಸು, ಕೂಸಿಗೆ ಚುಚ್ಚತದ." ಈ ಮೂರೂ ದೂರುಗಳಲ್ಲಿ ಹೊಲಿದವರ ಕೈಯ ತಪ್ಪಿಗಿಂತ ಆರಿಸಿದ ಸಾಮಾನಿನ ತಪ್ಪೇ ಹೆಚ್ಚು. ಚೌಕದ ಕೆಳಗೆ ಇಡುವ ಹಾಳೆ ಮತ್ತು ಸೂಜಿಗೆ ಪೋಣಿಸುವ ದಾರ, ಇವೆರಡನ್ನು ಸರಿಯಾಗಿ ಆರಿಸಿದರೆ ಮುಕ್ಕಾಲು ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಅಡಿಹಾಳೆ ಯಾಕೆ ಬೇಕು?

ಮಷೀನಿನ ಒಂದೊಂದು ಹೊಲಿಗೆಯೂ ಬಟ್ಟೆಯನ್ನು ಸ್ವಲ್ಪ ಒಳಗೆ ಎಳೆಯುತ್ತದೆ. ನಾಲ್ಕು ಇಂಚಿನ ತುಂಬು ಹೂವಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹೊಲಿಗೆ ಇರಬಹುದು. ಅಷ್ಟು ಸಲ ಎಳೆದರೆ ಬರೇ ಬಟ್ಟೆ ತಡೆಯುವುದಿಲ್ಲ, ನೆರಿಗೆ ಕಟ್ಟುತ್ತದೆ. ಆ ಎಳೆತವನ್ನು ಹೊರುವುದಕ್ಕೆ ಬಟ್ಟೆಯ ಕೆಳಗೆ ಇಡುವ ಹಾಳೆಗೆ ಸ್ಟೆಬಿಲೈಝರ್ ಎನ್ನುತ್ತಾರೆ. ಅಂಗಡಿಯಲ್ಲಿ ಬ್ಯಾಕಿಂಗ್ ಪೇಪರ್ ಅಂತ ಕೇಳಿದರೂ ಕೊಡುತ್ತಾರೆ. ನಾವಿಲ್ಲಿ ಅಡಿಹಾಳೆ ಎಂದು ಕರೆಯೋಣ. ಕಂಪ್ಯೂಟರ್ ಮಷೀನಿಗೂ, ರಿಂಗು ಹಾಕಿ ಕೈಯಿಂದ ತಿರುಗಿಸುವ ಕಾಲುಮಷೀನಿಗೂ ನಿಯಮ ಒಂದೇ.

ಅಡಿಹಾಳೆಯಲ್ಲಿ ನಾಲ್ಕು ಬಗೆ

1. ಹರಿದು ತೆಗೆಯುವ ಹಾಳೆ. ಕಾಗದದಂತೆ ಇರುತ್ತದೆ. ಎಂಬ್ರಾಯ್ಡರಿ ಮುಗಿದ ಮೇಲೆ ಹೊಲಿಗೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಹರಿದು ತೆಗೆಯಬೇಕು. ಗಟ್ಟಿ ಹತ್ತಿ ಬಟ್ಟೆಯ ಮೇಲೆ ಬರೇ ಗೆರೆಯ ವಿನ್ಯಾಸ, ಬಳ್ಳಿ, ಚಿಕ್ಕ ಹೂವು ಇದ್ದರೆ ಇದು ಸಾಕು. ತುಂಬು ವಿನ್ಯಾಸಕ್ಕೆ ಸಾಲದು. ಸೂಜಿಯ ತೂತುಗಳ ಸಾಲಿನಲ್ಲಿ ಹೊಲಿಯುವಾಗಲೇ ಹರಿದುಹೋಗುತ್ತದೆ, ಆಸರೆ ತಪ್ಪುತ್ತದೆ.

2. ಕತ್ತರಿಸಿ ತೆಗೆಯುವ ಹಾಳೆ. ಹರಿಯುವುದಿಲ್ಲ. ವಿನ್ಯಾಸದ ಸುತ್ತ ಕಾಲು ಇಂಚು ಬಿಟ್ಟು ಉಳಿದದ್ದನ್ನು ಕತ್ತರಿಸಬೇಕು. ಹೊಲಿಗೆಯ ಕೆಳಗಿನದು ಕೌದಿ ಇರುವ ತನಕ ಇರುತ್ತದೆ, ಪ್ರತಿ ಒಗೆತದಲ್ಲೂ ಆಸರೆ ಕೊಡುತ್ತದೆ. ತುಂಬು ಹೂವು, ನವಿಲು, ತೇರಿಗೆ ಇದೇ ಬೇಕು. ಇದರಲ್ಲಿ ದಪ್ಪನೆಯದು ಬೇಡ. ತೆಳುವಾದ ಜಾಳಿಗೆಯಂಥ ಮೆತ್ತನೆಯ ಹಾಳೆ ಸಿಗುತ್ತದೆ, ಅದನ್ನೇ ಕೇಳಿರಿ.

3. ಇಸ್ತ್ರಿ ಮಾಡಿ ಅಂಟಿಸುವ ಹಾಳೆ. ಒಂದು ಬದಿಗೆ ಅಂಟು ಇರುತ್ತದೆ. ಇಳಕಲ್ ಸೀರೆಯ ತುಂಡು, ಗುಳೇದಗುಡ್ಡದ ಖಣ ಮುಂತಾದ ಎಳೆ ಬಿಚ್ಚಿಕೊಳ್ಳುವ, ಜಾರುವ ಬಟ್ಟೆಗೆ ಒಳ್ಳೆಯದು. ಮೊದಲು ಅಂಟಿಸಿ ಆಮೇಲೆ ಚೌಕ ಕತ್ತರಿಸಿದರೆ ಅಂಚು ಬಿಚ್ಚುವುದಿಲ್ಲ. ಹಳೇ ಸೀರೆಯ ಸವೆದ ಬಟ್ಟೆಗೂ ಇದು ಬಲ ಕೊಡುತ್ತದೆ. ಇಸ್ತ್ರಿಯ ಬಿಸಿ ಎಷ್ಟು ಬೇಕೆಂದು ಮೂಲೆಯ ತುಂಡಿನ ಮೇಲೆ ನೋಡಿಕೊಳ್ಳಿರಿ.

4. ನೀರಿನಲ್ಲಿ ಕರಗುವ ಹಾಳೆ. ಪ್ಲಾಸ್ಟಿಕ್ ಹಾಳೆಯಂತೆ ಕಾಣುತ್ತದೆ, ನೀರು ಬಿದ್ದರೆ ಕರಗುತ್ತದೆ. ಒರಟು ಮೈಯ ಬಟ್ಟೆಯ ಮೇಲೆ ಹೊಲಿಗೆ ಹುದುಗದಂತೆ ಮೇಲೆ ಇಡಲು ಬರುತ್ತದೆ. ಕೌದಿಗೆ ಒಂದೇ ಆಸರೆಯಾಗಿ ಇದನ್ನು ನಂಬಬಾರದು, ಯಾಕಂದ್ರೆ ಮೊದಲ ಒಗೆತಕ್ಕೆ ಅದು ಇಲ್ಲವಾಗುತ್ತದೆ. ಧಾರವಾಡದ ಮಳೆಗಾಲದಲ್ಲಿ ಇದನ್ನು ಗಾಳಿಯಾಡದ ಡಬ್ಬಿಯಲ್ಲಿಡಿ. ತೇವಕ್ಕೆ ಅಂಟಂಟಾಗುತ್ತದೆ.

ಬಕ್ರಮ್, ಹಳೇ ಪೇಪರ್ ಆಗುವುದಿಲ್ಲವೇ?

ಬಹಳ ಸಹೋದರಿಯರು ಕೇಳುವ ಪ್ರಶ್ನೆ ಇದು. ಕಾಲರಿಗೆ ಹಾಕುವ ಗಂಜಿಯ ಬಕ್ರಮ್ ಒಗೆದ ಮೇಲೆ ಗಂಜಿ ಬಿಟ್ಟು ಸಡಿಲಾಗುತ್ತದೆ. ಅಂಟು ಬಕ್ರಮ್ ಗಟ್ಟಿಯಾಗೇ ಉಳಿಯುತ್ತದೆ, ಆದರೆ ಮೈಗೆ ಚುಚ್ಚುತ್ತದೆ. ಸುದ್ದಿಪತ್ರಿಕೆಯ ಶಾಯಿ ಬಿಳಿ ಬಟ್ಟೆಗೆ ಹತ್ತುತ್ತದೆ, ಹೊಲಿಗೆಯ ಸಂದಿಯ ಚೂರು ತೆಗೆಯಲು ಬರುವುದಿಲ್ಲ. ಕಲಿಯುವಾಗ ಬಳಸಬಹುದು, ಮಾರಾಟದ ಮಾಲಿಗೆ ಬೇಡ.

ಇನ್ನೊಂದು ಮಾತನ್ನು ಕೌದಿ ಹೊಲಿದ ಕೈಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಚೌಕ ಜೋಡಿಸಿದ ಮೇಲೆ ಎಲ್ಲ ಪದರುಗಳನ್ನು ಸೇರಿಸಿ ಕೈಹೊಲಿಗೆ ಹಾಕಬೇಕು. ಅಡಿಹಾಳೆ ದಪ್ಪ ಆದರೆ ಅಲ್ಲಿ ಸೂಜಿ ಇಳಿಯುವುದಿಲ್ಲ, ಬೆರಳು ನೋಯುತ್ತದೆ, ಹೊಲಿಗೆ ಡೊಂಕಾಗುತ್ತದೆ. ಅದಕ್ಕೇ ಕೌದಿಗೆ ಒಂದು ದಪ್ಪ ಹಾಳೆಗಿಂತ ಎರಡು ತೆಳು ಹಾಳೆ ಮೇಲು. ವಿನ್ಯಾಸವನ್ನು ಚೌಕದ ನಡುವೆ ಇಟ್ಟು, ಕೈಹೊಲಿಗೆಯನ್ನು ಅದರ ಸುತ್ತ ಹಾಯಿಸಿದರೆ ಇನ್ನೂ ಸುಲಭ.

ದಾರ ಆರಿಸುವಾಗ ಒಗೆತವನ್ನು ನೆನೆಯಿರಿ

ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಯಾವ ದಾರವಾದರೂ ನಡೆದೀತು. ಕೌದಿಯನ್ನು ದಸರೆಯ ಮುಂಚೆ ಸೋಪು ಹಾಕಿ ನೆನೆಸಿ, ಬಂಡೆಗೆ ಬಡಿದು, ಇಬ್ಬರು ಹಿಡಿದು ಹಿಂಡಿ, ಬಿಸಿಲಿಗೆ ಹಾಕುತ್ತೇವೆ. ದಾರ ಇದನ್ನೆಲ್ಲ ತಾಳಬೇಕು.

ರೇಯಾನ್ ದಾರ: ರೇಷ್ಮೆಯಂಥ ಹೊಳಪು ಇರುತ್ತದೆ. ಆದರೆ ಒದ್ದೆಯಾದಾಗ ಇದರ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನೀರು ಕುಡಿದು ಭಾರವಾದ ಕೌದಿಯನ್ನು ಹಿಂಡುವಾಗ ಹರಿಯುವುದು ಇದೇ. ಬ್ಲೀಚಿಂಗ್ ಪುಡಿಗೂ ತಡೆಯುವುದಿಲ್ಲ. ತಲೆದಿಂಬಿನ ಕವರಿಗೆ, ಗೋಡೆಯ ಅಲಂಕಾರಕ್ಕೆ ಇರಲಿ.

ಪಾಲಿಯೆಸ್ಟರ್ ಎಂಬ್ರಾಯ್ಡರಿ ದಾರ: ಹೊಳಪೂ ಇದೆ, ಬಲವೂ ಇದೆ. ಒದ್ದೆಯಾದರೂ ಬಲ ಕುಂದುವುದಿಲ್ಲ. ಬಿಸಿಲು, ಸೋಪು, ಬ್ಲೀಚು ಮೂರಕ್ಕೂ ಬಣ್ಣ ಚೆನ್ನಾಗಿ ತಡೆಯುತ್ತದೆ. ದಿನಬಳಕೆಯ ಕೌದಿಗೆ ನಮ್ಮ ಸಲಹೆ ಇದೇ. ಬಹಳ ಬಿಸಿ ಇಸ್ತ್ರಿ ಮಾತ್ರ ಬೇಡ, ಕರಗುತ್ತದೆ.

ಹತ್ತಿ ದಾರ: ಹೊಳಪು ಕಡಿಮೆ, ಆದರೆ ಕೌದಿಯ ಹತ್ತಿಗೆ ಸರಿಯಾಗಿ ಹೊಂದುತ್ತದೆ. ಒದ್ದೆಯಾದಾಗ ಹತ್ತಿಯ ಬಲ ಹೆಚ್ಚುತ್ತದೆ. ಗೆರೆಯ ವಿನ್ಯಾಸಕ್ಕೆ ಬಹಳ ಚೆಂದ. ನೂಲಿನ ಧೂಳು ಬಿಡುವುದರಿಂದ ಬಾಬಿನ್ ಗೂಡನ್ನು ದಿನಾ ಬ್ರಷ್‌ನಿಂದ ಒರೆಸಬೇಕು. ಕೈಕಸೂತಿಗೆ ತರುವ ಆರು ಎಳೆಯ ಲಡಿ ದಾರ ಮಷೀನಿನ ಸೂಜಿಗೆ ಅಲ್ಲ, ನೆನಪಿರಲಿ.

ಜರಿ ದಾರ: ಮೈಗೆ ತಾಗುವ ಹೊದಿಕೆಗೆ ಬೇಡವೇ ಬೇಡ. ಚುಚ್ಚುತ್ತದೆ, ಒಗೆತಕ್ಕೆ ಎಳೆ ಏಳುತ್ತದೆ.

ದಾರದ ಉಂಡೆಯ ಮೇಲಿನ ಅಂಕಿಯನ್ನೂ ನೋಡಿರಿ. ಅಂಕಿ ದೊಡ್ಡದಾದಷ್ಟು ದಾರ ತೆಳು. 40ರ ದಾರ ಸಾಮಾನ್ಯ ಎಂಬ್ರಾಯ್ಡರಿಗೆ, ಅದಕ್ಕೆ 11ನೇ ನಂಬರಿನ ಸೂಜಿ. ದಪ್ಪ ದಾರಕ್ಕೆ 14. ಬಾಬಿನ್‌ಗೆ 60ರ ತೆಳು ದಾರ ಹಾಕಿದರೆ ಹಿಂದಿನ ಬದಿ ಮೆತ್ತಗಿರುತ್ತದೆ. ಮೊಂಡ ಸೂಜಿಯಿಂದ ಒಳ್ಳೆ ದಾರವೂ ಹರಿಯುತ್ತದೆ, ಆದ್ದರಿಂದ ಸೂಜಿಯನ್ನು ಆಗಾಗ ಬದಲಿಸಿರಿ.

ಒಂದು ಚೌಕದ ಪರೀಕ್ಷೆ

ಲೆಕ್ಕ ಹಾಕಿ ನೋಡೋಣ. 12 ಇಂಚಿನ 20 ಚೌಕಗಳ ಕೌದಿ. ಒಂದು ಚೌಕಕ್ಕೆ 12,000 ಹೊಲಿಗೆ. ಮಷೀನು ನಿಮಿಷಕ್ಕೆ 600 ಹೊಲಿಗೆ ಹಾಕಿದರೆ 20 ನಿಮಿಷ. ರಿಂಗು ಹಾಕಿ, ದಾರ ಬದಲಿಸಿ ಅರ್ಧ ತಾಸಾದರೂ ಬೇಕು. ಬರೇ ಎಂಬ್ರಾಯ್ಡರಿಗೆ 10 ತಾಸು, ಆಮೇಲೆ ಜೋಡಣೆ, ಕೈಹೊಲಿಗೆ ಬೇರೆ. ಇಷ್ಟು ದುಡಿದ ಕೌದಿ ವಾಪಸ್ ಬಂದರೆ ಸಂಘದ ಸಾಲದ ಕಂತೂ ನಿಲ್ಲುತ್ತದೆ, ದುಡಿದವಳ ಕೂಲಿಯೂ ಹೋಗುತ್ತದೆ. ಅಡಿಹಾಳೆಯಲ್ಲಿ ಉಳಿಸಿದ ನಾಲ್ಕು ದುಡ್ಡು ಆಕೆಯ ಕೂಲಿಯನ್ನು ನುಂಗಬಾರದು.

ಆದ್ದರಿಂದ ಆರ್ಡರ್ ಹಿಡಿದ ಕೂಡಲೇ 20 ಚೌಕಕ್ಕೆ ಕೈಹಾಕಬೇಡಿ. ಮೊದಲು ಒಂದೇ ಚೌಕ ಮಾಡಿ ಹೀಗೆ ನೋಡಿರಿ:

• ಹೊಸ ಹತ್ತಿ ಬಟ್ಟೆಯನ್ನು ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿರಿ. ಕುಗ್ಗುವುದೆಲ್ಲ ಮೊದಲೇ ಕುಗ್ಗಲಿ.
• 12 ಇಂಚಿನ ಚೌಕಕ್ಕೆ 15 ಇಂಚಿನ ತುಂಡು ತೆಗೆದುಕೊಳ್ಳಿರಿ. ಎಂಬ್ರಾಯ್ಡರಿ ಆಗಿ, ಇಸ್ತ್ರಿ ಆದ ಮೇಲೆ ಹನ್ನೆರಡೂವರೆ ಇಂಚಿಗೆ ಕತ್ತರಿಸಿರಿ. ಸುತ್ತ ಕಾಲು ಇಂಚು ಜೋಡಣೆಗೆ.
• ಬಟ್ಟೆ, ಅಡಿಹಾಳೆ ಎರಡನ್ನೂ ಕೂಡಿಸಿ ರಿಂಗಿಗೆ ಹಾಕಿರಿ. ಬಟ್ಟೆ ಬಿಗಿಯಾಗಿರಲಿ, ಆದರೆ ಜಗ್ಗಿ ಹಿಗ್ಗಿಸಬೇಡಿ. ಹಿಗ್ಗಿದ ಬಟ್ಟೆ ರಿಂಗು ಬಿಚ್ಚಿದ ಕೂಡಲೇ ಸುಕ್ಕಾಗುತ್ತದೆ.
• ಮುಗಿದ ಚೌಕವನ್ನು ಒಂದು ಬಿಳಿ ಹತ್ತಿ ತುಂಡಿನ ಜೊತೆ ಬಿಸಿ ಸೋಪು ನೀರಲ್ಲಿ ನೆನೆಸಿ, ಮೂರು ಸಲ ಒಗೆದು ಬಿಸಿಲಿಗೆ ಹಾಕಿರಿ.
• ಬಿಳಿ ತುಂಡಿಗೆ ಬಣ್ಣ ಹತ್ತಿದೆಯೇ? ಹೂವಿನ ಸುತ್ತ ಸುಕ್ಕಿದೆಯೇ? ಹಿಂದಿನ ಬದಿಯನ್ನು ಗಲ್ಲಕ್ಕೆ ಒತ್ತಿ ನೋಡಿರಿ, ಚುಚ್ಚುತ್ತದೆಯೇ?

ಮೂರಕ್ಕೂ "ಇಲ್ಲ" ಎಂದಾದರೆ ಉಳಿದ 19 ಚೌಕ ಧೈರ್ಯವಾಗಿ ಮಾಡಿರಿ. ಒಂದಕ್ಕೆ "ಹೌದು" ಬಂದರೂ ಹಾಳೆ ಅಥವಾ ದಾರ ಬದಲಿಸಿ ಇನ್ನೊಂದು ಚೌಕ ಮಾಡಿರಿ.

ಕಸೂತಿ ಎಂಬ ಹೆಸರಿನ ಬಗ್ಗೆ

ಗೋಪುರ, ತೇರು, ತುಳಸಿಕಟ್ಟೆ, ಆನೆ ಇವೆಲ್ಲ ನಮ್ಮ ಧಾರವಾಡ ಸೀಮೆಯ ಕಸೂತಿಯ ಚಿತ್ರಗಳು. ಆದರೆ ಕಸೂತಿ ಎಂದರೆ ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ ಕೈಯಿಂದ ಹಾಕುವ ಗವಂತಿ, ಮುರಗಿ, ನೇಗಿ, ಮೆಂತಿ ಹೊಲಿಗೆ. ಗವಂತಿ, ಮುರಗಿಯಲ್ಲಿ ಎರಡೂ ಬದಿ ಒಂದೇ ರೀತಿ ಕಾಣುತ್ತದೆ. ಅದಕ್ಕೆ ಅಡಿಹಾಳೆಯೇ ಬೇಡ. ಮಷೀನಿನ ಹೊಲಿಗೆಗೆ ಹಿಂದುಮುಂದು ಬೇರೆ. ಕರ್ನಾಟಕ ಕಸೂತಿಗೆ 1999ರ ಭೌಗೋಳಿಕ ಸೂಚಿ ಕಾಯ್ದೆಯಡಿ ನೋಂದಣಿ ಸಿಕ್ಕಿದೆ. ಮಷೀನಿನಿಂದ ಮಾಡಿದ್ದಕ್ಕೆ "ಕಸೂತಿ" ಎಂದು ಚೀಟಿ ಹಚ್ಚಿದರೆ ಕೊಂಡವರಿಗೂ ಮೋಸ, ಕಣ್ಣು ಸವೆಸಿ ಎಳೆ ಎಣಿಸುವ ನಮ್ಮದೇ ಅಕ್ಕತಂಗಿಯರ ಹೊಟ್ಟೆಗೂ ಹೊಡೆತ. "ಮಷೀನ್ ಎಂಬ್ರಾಯ್ಡರಿ, ಕೈಹೊಲಿಗೆ ಕೌದಿ" ಎಂದು ಬರೆಯಿರಿ. ಅದರಲ್ಲಿ ನಾಚಿಕೆ ಏನಿಲ್ಲ, ಇದ್ದದ್ದನ್ನು ಇದ್ದಂಗ ಹೇಳಿದರೆ ಗಿರಾಕಿ ಮತ್ತೆ ಬರುತ್ತಾರೆ.

ಹಾಗೆಯೇ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಹೋದರಿಯರು ಅಂಚಿನಿಂದ ನಡುವಿಗೆ ಹೊಲಿಯುತ್ತ ಹೋಗಿ, ಮೂಲೆಗೆ ಮಡಿಚಿದ ಬಟ್ಟೆಯ ಹೂವು ಇಡುವ ಕೌದಿಗೆ ತನ್ನದೇ ಬೆಲೆ ಇದೆ. ಅದಕ್ಕೆ ಮಷೀನಿನ ಹೂವು ಸೇರಿಸಿ ಕೆಡಿಸುವುದು ಬೇಡ. ಎಲ್ಲ ಕೌದಿಗೂ ಎಂಬ್ರಾಯ್ಡರಿ ಬೇಕೆಂದೇನಿಲ್ಲ.

ಮುಂದಿನ ಸಭೆಯಲ್ಲಿ

ಕೌದಿ ಹೊಲಿಯುವ ಸಂಘಗಳು ಮುಂದಿನ ವಾರದ ಸಭೆಯಲ್ಲಿ ಈ ಮೂರು ವಿಷಯ ಚರ್ಚಿಸಿ ಠರಾವು ಪುಸ್ತಕದಲ್ಲಿ ಬರೆದುಕೊಳ್ಳಿರಿ.

1. ಅಡಿಹಾಳೆ, ದಾರವನ್ನು ಒಬ್ಬೊಬ್ಬರೇ ಬಿಡಿಯಾಗಿ ತರುವ ಬದಲು ಸಂಘದಿಂದ ಒಟ್ಟಿಗೆ ತರುವುದು. ಒಂದೇ ಕೌದಿಗೆ ಬೇಕಾದ ಬಣ್ಣದ ದಾರವನ್ನು ಒಂದೇ ಸಲ ಕೊಳ್ಳುವುದು. ಮತ್ತೊಮ್ಮೆ ತಂದರೆ ಬಣ್ಣದಲ್ಲಿ ವ್ಯತ್ಯಾಸ ಬರಬಹುದು.

2. ಪರೀಕ್ಷೆಯ ಚೌಕದ ಖರ್ಚನ್ನು, ಅದಕ್ಕೆ ಹಿಡಿದ ಹೊತ್ತಿನ ಕೂಲಿಯನ್ನು ಕೌದಿಯ ಬೆಲೆಯಲ್ಲೇ ಸೇರಿಸುವುದು.

3. ಪರೀಕ್ಷೆಯಾದ ಚೌಕಗಳನ್ನು ಎಸೆಯದೆ, ಯಾವ ಹಾಳೆ, ಯಾವ ದಾರ, ಎಷ್ಟು ನಂಬರಿನ ಸೂಜಿ ಎಂಬ ಚೀಟಿ ಹಚ್ಚಿ ಒಂದು ಪುಸ್ತಕದಲ್ಲಿ ಇಡುವುದು. ಓದಲು ಬಾರದ ಸದಸ್ಯೆಯೂ ಮುಟ್ಟಿ ನೋಡಿ ಕಲಿಯುತ್ತಾಳೆ. ಹೊಸದಾಗಿ ಸೇರಿದವರಿಗೆ ಇದಕ್ಕಿಂತ ಒಳ್ಳೆಯ ಪಾಠಪುಸ್ತಕ ಇಲ್ಲ.

ಪ್ರೇಷಿತರ ಕಾಲದಲ್ಲಿ ದೊರ್ಕ ಎಂಬ ಸಹೋದರಿ ಇದ್ದಳು. ಆಕೆ ತೀರಿಕೊಂಡಾಗ ವಿಧವೆಯರು ಪೇತ್ರನಿಗೆ ತೋರಿಸಿದ್ದು ಆಕೆ ಹೊಲಿದುಕೊಟ್ಟ ಬಟ್ಟೆಗಳನ್ನು. ನಾವು ಹೊಲಿದದ್ದೂ ನಮ್ಮ ಪರವಾಗಿ ಮಾತಾಡುತ್ತದೆ. ಹತ್ತು ಒಗೆತ ಕಂಡ ಮೇಲೂ ಒಳ್ಳೆಯ ಮಾತನ್ನೇ ಆಡುವಂತೆ ಹೊಲಿಯೋಣ.