ಹಳೆಯ ಮೋಟಾರು ಸೈಕಲ್ಲಿನ ಜಾತಕ

ಕಳೆದ ಮಾಘಮಾಸದ ಒಂದು ಭಾನುವಾರ, ಬಸವೇಶ್ವರನಗರದ ನಮ್ಮ ಮನೆಗೆ ವಿಜಯನಗರದಲ್ಲಿರುವ ಹಳೆಯ ಶಿಷ್ಯನೊಬ್ಬನು ಬಂದನು. ಕೈಯಲ್ಲಿ ಮಾಸಿದ ಸರ್ಕಾರಿ ಪತ್ರವೊಂದಿದ್ದಿತು. “ಮೇಷ್ಟ್ರೇ, ಇದು ನಮ್ಮ ತಂದೆಯವರ ಜಾವಾ ಗಾಡಿಯ ರಿಜಿಸ್ಟರಿ. ಗಾಡಿಯನ್ನು ಹೊಸದಾಗಿ ಕಟ್ಟಿಸಿದ್ದೇನೆ. ಆದರೆ ಈಗ ಅದು ಅವರ ಗಾಡಿ ಹೌದೋ ಅಲ್ಲವೋ ಎಂಬುದೇ ತಿಳಿಯದಾಗಿದೆ” ಎಂದನು. ಅಮರಕೋಶವನ್ನು ಬಾಯಿಪಾಠ ಮಾಡಿಸಿದವರ ಬಳಿ ಮೋಟಾರು ವಿಚಾರವೇಕೆ ಎಂದು ಮೊದಲು ನಗೆ ಬಂದಿತು. ಪ್ರಶ್ನೆಯು ತರ್ಕಶಾಸ್ತ್ರದ್ದೇ ಆಗಿದ್ದುದರಿಂದ ಕುಳ್ಳಿರಿಸಿಕೊಂಡು ಕೇಳಿದೆವು.

ಜಾವಾ ಎಂಬುದು ನಮ್ಮ ಹಿರಿಯ ವಾಚಕರಿಗೆ ಅಪರಿಚಿತವಾದ ಹೆಸರಲ್ಲ. 1929ರಲ್ಲಿ ಪ್ರಾಗ್ ನಗರದ ಯಾನೆಚೆಕ್ ಎಂಬಾತನು ವಾಂಡರರ್ ಎಂಬ ಜರ್ಮನ್ ಮೋಟಾರು ಸೈಕಲ್ಲಿನ ತಯಾರಿಕೆಯನ್ನು ಕೈಗೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಗಳಿಗೆ ಅದರ ಮೊದಲೆರಡು ಅಕ್ಷರಗಳನ್ನು ಜೋಡಿಸಿದನು. ಪಾಣಿನಿಯ ಯಾವ ಸೂತ್ರಕ್ಕೂ ಸಿಗದ ಸಮಾಸವಾದರೂ ಹೆಸರು ನಿಂತಿತು. 1960ರ ದಶಕದ ಆರಂಭದಿಂದ ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯು ಈ ಗಾಡಿಗಳನ್ನು ಮಾಡಿತು. ಮುಂದಿನ ದಶಕದಲ್ಲಿ ಹೆಸರು ಯೆಜ್ಡಿಯೆಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಒದ್ದು ಚಾಲೂ ಮಾಡುವ ಸನ್ನೆಯನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರು ಬದಲಿಸುವ ಸನ್ನೆಯಾಗುವುದು ಇದರ ವಿಶೇಷ. ಜಾವಾದ ಎಷ್ಟೋ ಭಾಗಗಳು ಯೆಜ್ಡಿಗೂ, ಯೆಜ್ಡಿಯವು ಜಾವಾಕ್ಕೂ ಹೊಂದಿಕೊಳ್ಳುವುದರಿಂದ ಬೆರಕೆಯ ಗಾಡಿಯನ್ನು ಕಟ್ಟುವುದು ಕಷ್ಟವಲ್ಲ.

ನಮ್ಮ ಶಿಷ್ಯನ ತಂದೆಯವರ ಗಾಡಿಯ ಚಾಸಿಸ್ಸು ತುಕ್ಕು ತಿಂದು ಮುರಿದು, ಎಂದೋ ಗುಜರಿಗೆ ಹೋಗಿದ್ದಿತು. ಉಳಿದದ್ದು ಇಂಜಿನ್ನು, ಟ್ಯಾಂಕು ಮತ್ತು ಈ ಪತ್ರ. ಕೆಂಗೇರಿಯ ಆಚೆಯ ಹಳ್ಳಿಯೊಂದರ ಕೊಟ್ಟಿಗೆಯಲ್ಲಿ ಬಿದ್ದಿದ್ದ ಮತ್ತೊಂದು ಜಾವಾದ ಚಾಸಿಸ್ಸನ್ನು ಕೊಂಡನು, ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಚಿಲ್ಲರೆ ಸಾಮಾನುಗಳನ್ನು ಹುಡುಕಿದನು. ಕಾಮಾಕ್ಷಿಪಾಳ್ಯದಲ್ಲಿ ಲೇತಿಗೆ ಕೊಟ್ಟು ಸಿಲಿಂಡರು ಕೊರೆಯಿಸಿದನು. ಎಲ್ಲವೂ ಮುಗಿದ ಮೇಲೆ ಮೆಕ್ಯಾನಿಕ್ಕನೊಬ್ಬನು, “ಚಾಸಿಸ್ಸಿನ ನಂಬರನ್ನು ಉಜ್ಜಿ, ನಿಮ್ಮ ತಂದೆಯವರ ನಂಬರನ್ನೇ ಹೊಡೆದುಕೊಡುತ್ತೇನೆ, ಒಂದು ಗಂಟೆಯ ಕೆಲಸ” ಎಂದನಂತೆ. ಅದೇ ಅವನ ಚಿಂತೆಗೆ ಕಾರಣ.

ಯವನ ದೊರೆ ಮಿಲಿಂದನನ್ನು ನಾಗಸೇನ ಭಿಕ್ಷುವು ಇದೇ ರೀತಿ ಕೇಳಿದನೆಂದು ಪಾಲಿ ಗ್ರಂಥವು ಹೇಳುವುದು: ಅಚ್ಚು ರಥವೋ, ಗಾಲಿ ರಥವೋ, ನೊಗ ರಥವೋ? ಭಿಕ್ಷುವಿನ ಮತದಲ್ಲಿ ರಥವೆಂಬುದು ಬಿಡಿಭಾಗಗಳನ್ನು ಕುರಿತ ಒಂದು ವ್ಯವಹಾರದ ಹೆಸರು ಮಾತ್ರ. ನಮ್ಮ ನೈಯಾಯಿಕರು ಇದನ್ನೊಪ್ಪರು. ಅವಯವಗಳಿಗಿಂತ ಬೇರೆಯಾಗಿ ಅವಯವಿಯೊಂದು ಇದ್ದೇ ಇದೆಯೆನ್ನುವರು. ಸಾರಿಗೆ ಕಚೇರಿಯವರು ಈ ಎರಡು ಪಕ್ಷಕ್ಕೂ ಸೇರಿದವರಲ್ಲ. ಅವರಿಗೆ ಆತ್ಮವು ಲೋಹದಲ್ಲಿ ಒತ್ತಿದ ಅಂಕಿಗಳಲ್ಲಿದೆ.

ಇದು ಪರಿಹಾಸವಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 55ನೆಯ ಪ್ರಕರಣದಂತೆ, ವಾಹನದ ಮೇಲಿನ ಇಂಜಿನ್ ನಂಬರಾಗಲಿ ಚಾಸಿಸ್ ನಂಬರಾಗಲಿ ಪತ್ರದಲ್ಲಿರುವುದಕ್ಕಿಂತ ಬೇರೆಯಾಗಿದ್ದರೆ, ಮಾಲೀಕನ ಸಮಜಾಯಿಷಿಯನ್ನು ಕೇಳಿ ರಿಜಿಸ್ಟರಿಯನ್ನು ರದ್ದುಪಡಿಸಬಹುದು. ಕಳ್ಳಗಾಡಿಗಳ ವ್ಯಾಪಾರವೆಲ್ಲ ನಡೆಯುವುದು ಅಂಕಿಗಳನ್ನು ಉಜ್ಜುವುದರಿಂದಲೇ ಅಲ್ಲವೆ? ಪಿತೃಭಕ್ತಿಯಿಂದ ಉಜ್ಜಿದ್ದೆಂದು ತನಿಖೆಯವನಿಗೆ ಹೇಗೆ ತಿಳಿಯಬೇಕು?

ಸರಿಯಾದ ದಾರಿ ಉದ್ದವಾದುದು. ಪುಣ್ಯಕ್ಕೆ ಹಳ್ಳಿಯ ಚಾಸಿಸ್ಸಿಗೆ ತನ್ನದೇ ಪತ್ರವಿದ್ದಿತು. ಅದಿಲ್ಲದ ಚಾಸಿಸ್ಸನ್ನು ಯಾರೂ ಕೊಳ್ಳಬಾರದು, ಎಷ್ಟೇ ಅಗ್ಗವಾಗಿರಲಿ. ಆ ಪತ್ರದ ಯಜಮಾನನು ತೀರಿಕೊಂಡಿದ್ದುದರಿಂದ ಮೊದಲು 31ನೆಯ ನಮೂನೆಯಲ್ಲಿ ಅವನ ವಾರಸುದಾರರ ಹೆಸರಿಗೆ, ಆಮೇಲೆ 29 ಮತ್ತು 30ನೆಯ ನಮೂನೆಗಳಲ್ಲಿ ನಮ್ಮ ಶಿಷ್ಯನ ಹೆಸರಿಗೆ ವರ್ಗವಾಗಬೇಕು. ಬದಲಾದ ಇಂಜಿನ್ನನ್ನು 52ನೆಯ ಪ್ರಕರಣದಂತೆ ತಿಳಿಸಿ ಪತ್ರದಲ್ಲಿ ಬರೆಯಿಸಬೇಕು; ಒಪ್ಪಿಗೆಯಿಲ್ಲದೆ ಬದಲಿಸಿದ್ದರೆ ಹದಿನಾಲ್ಕು ದಿನಗಳೊಳಗಾಗಿ ತಿಳಿಸಬೇಕೆಂದಿದೆ. ರಿಜಿಸ್ಟರಿಯ ಅವಧಿ ಹದಿನೈದು ವರ್ಷ. ಅದು ಎಂದೋ ಕಳೆದಿರುವುದರಿಂದ 25ನೆಯ ನಮೂನೆಯಲ್ಲಿ ನವೀಕರಣ, ಗಾಡಿಯ ತಪಾಸಣೆ, ವಿಮೆ.

“2021ರಲ್ಲಿ ಪ್ರಾಚೀನ ವಾಹನಗಳಿಗೆಂದು ಹೊಸ ನಿಯಮ ಬಂದಿದೆಯಂತಲ್ಲ?” ಎಂದನು. ಬಂದಿರುವುದು ದಿಟ. ಮೊದಲ ರಿಜಿಸ್ಟರಿಯಿಂದ ಐವತ್ತು ವರ್ಷ ಕಳೆದ ವಾಹನಕ್ಕೆ ಹೊಸ ರಿಜಿಸ್ಟರಿಯ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ನಂಬರಿನ ನಡುವೆ ‘ವಿಎ’ ಎಂಬ ಎರಡಕ್ಷರದ ಗುರುತು. ಆದರೆ ಚಾಸಿಸ್ಸು, ಇಂಜಿನ್ನುಗಳಲ್ಲಿ ಮಾರ್ಪಾಡಾಗದೆ ಮೂಲರೂಪದಲ್ಲಿ ಉಳಿದ ವಾಹನಕ್ಕೆ ಮಾತ್ರ ಈ ಮರ್ಯಾದೆ. ಅದನ್ನೂ ಪ್ರದರ್ಶನ, ರ‍್ಯಾಲಿ ಮುಂತಾದವುಗಳಿಗಲ್ಲದೆ ದಿನಬಳಕೆಗೆ ಬೀದಿಗಿಳಿಸುವಂತಿಲ್ಲ. ತಾಯಿಯನ್ನು ಹಿಂದೆ ಕೂಡಿಸಿಕೊಂಡು ಮಾರುಕಟ್ಟೆಗೆ ಹೋಗಬೇಕೆಂಬುವನಿಗೆ ಅದರಿಂದೇನು?

ಇನ್ನೊಂದು ಮಾತನ್ನು ಹೇಳಲು ನಮಗೆ ಬಾಯಿ ಬರಲಿಲ್ಲ, ಹೇಳದೆಯೂ ಇರಲಾಗಲಿಲ್ಲ. ನಾಶವಾದ ವಾಹನದ ಪತ್ರವನ್ನು ಕಚೇರಿಗೆ ಒಪ್ಪಿಸಬೇಕೆಂದು ಅದೇ 55ನೆಯ ಪ್ರಕರಣದಲ್ಲಿದೆ. ಚಾಸಿಸ್ಸು ಹೋದ ಮೇಲೆ ತಂದೆಯವರ ಗಾಡಿಯೆಂಬುದು ಕಾಯಿದೆಯ ಕಣ್ಣಿಗೆ ಇಲ್ಲವಾಯಿತು. ಮೈಸೂರು ಸಂಸ್ಥಾನದ ಹೆಸರನ್ನು ಹೊತ್ತ ‘ಎಂ.ವೈ.’ ಮೊದಲಿನ ಆ ನಂಬರು ಇನ್ನು ರಸ್ತೆಗೆ ಬರುವಂತಿಲ್ಲ. ಹುಡುಗನು ಬಹಳ ಹೊತ್ತು ಸುಮ್ಮನಿದ್ದು, “ಅಮ್ಮನನ್ನು ಕೇಳುತ್ತೇನೆ” ಎಂದು ಎದ್ದನು.

ಮರುವಾರ ತಾಯಿಯೇ ಜೊತೆಯಲ್ಲಿ ಬಂದರು. “ನಂಬರು ಹೋಗಲಿ ಮೇಷ್ಟ್ರೇ. ಇಂಜಿನ್ನಂತೂ ಅವರದೇ ತಾನೆ? ಆ ಶಬ್ದ ನನಗೆ ಗೊತ್ತು” ಎಂದರು. ನೈಯಾಯಿಕರ ಉತ್ತರವನ್ನು ಹೇಳಹೊರಟು ನಾವು ಸುಮ್ಮನಾದೆವು. ಪತ್ರದ ಒಂದು ನಕಲನ್ನು ತೆಗೆಯಿಸಿ ಮತ್ತೆ ಟ್ರಂಕಿನಲ್ಲಿಟ್ಟು, ಮೂಲವನ್ನು ಮಗನ ಕೈಗೆ ಕೊಟ್ಟಿದ್ದರು.

ಅರ್ಜಿಗಳು ಈಗ ಕಚೇರಿಯಲ್ಲಿವೆ. ಪತ್ರ ಬರುವವರೆಗೆ ಗಾಡಿಯು ಬೀದಿಗಿಳಿಯುವಂತಿಲ್ಲ. ಭಾನುವಾರಗಳಂದು ಮನೆಯ ಗೇಟಿನೊಳಗೇ ನಿಲ್ಲಿಸಿಕೊಂಡು ಐದು ನಿಮಿಷ ಚಾಲೂ ಮಾಡುವನಂತೆ. ತಾಯಿ ಅಡಿಗೆಮನೆಯಿಂದ ಹೊರಗೆ ಬರುವರಂತೆ.